ಕರೆಯದೆ ಬರುವವರು

ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಕೇಳಿದ್ದೇ ಮಿನಾಸ್ ಎದ್ದು ನಿಂತು ಬಿಳಿ ಅಂಗಿಯ ಕಾಲರು ಸರಿಮಾಡಿಕೊಂಡ. ಒಳಗೆ ಬಂದವನು ಊರಿನವನಲ್ಲ; ಒಣದ್ರಾಕ್ಷಿ ಕೊಳ್ಳಲು ಡೆನ್ಮಾರ್ಕಿನಿಂದ ಬಂದಿದ್ದ ಟೋರ್ಬೆನ್. ಗ್ರೀಸಿಗೆ ಇದೇ ಮೊದಲ ಸಲ. ಭಾಷೆಯನ್ನು ತನ್ನೂರಿನ ಸಂಜೆ ತರಗತಿಯಲ್ಲಿ ಕಲಿತಿದ್ದ.

“ಕ್ಷಮಿಸಿ, ಗೋದಾಮಿಗೆ ಬೀಗ ಹಾಕಿತ್ತು. ಮನೆಗೇ ಬಂದೆ. ತೊಂದರೆಯಾಯಿತೆ?”

“ತೊಂದರೆ ಏನ್ ಬಂತು, ಬನ್ನಿ ಬನ್ನಿ. ಆ ಕುರ್ಚಿ ಬೇಡ, ಇಲ್ಲಿ, ಒಲೆ ಹತ್ರ ಕೂತ್ಕೊಳ್ಳಿ.”

ಅಂದು ಸಂತ ಮಿನಾಸನ ದಿನ. ಆ ಹೆಸರಿನವರ ಮನೆಗೆಲ್ಲ ಊರು ಬರುತ್ತದೆ. ಯಾರನ್ನೂ ಕರೆಯುವಂತಿಲ್ಲ, ಕರೆದರೆ ಅದು ಔತಣವಾಗುತ್ತದೆ, ಹೆಸರ ಹಬ್ಬವಾಗುವುದಿಲ್ಲ. ಬಾಗಿಲು ತೆರೆದಿಟ್ಟು, ಸಿಹಿ ಜೋಡಿಸಿಕೊಂಡು ಕೂರಬೇಕು, ಅಷ್ಟೆ. ನೆನಪಿದ್ದವರು ಬರುತ್ತಾರೆ. ಮಿನಾಸ್ ಬೆಳಗಿನಿಂದ ಹಾಗೆ ಕೂತಿದ್ದ. ಗೋಡೆಯ ಉದ್ದಕ್ಕೂ ಹಾಕಿದ್ದ ಕುರ್ಚಿಗಳಲ್ಲಿ ಒಂದೂ ಅಲುಗಿರಲಿಲ್ಲ.

ಟೋರ್ಬೆನ್ ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಬಾದಾಮಿ ಬಿಸ್ಕತ್ತು ತಿಂದ. ಬಡಿಸಿದ್ದನ್ನು ಬೇಡ ಎನ್ನಬಾರದೆಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಮಾಲಿನ ಮಾತು ಎತ್ತುವ ಮೊದಲು ಮನೆಯವರ ಕ್ಷೇಮ ಕೇಳಬೇಕೆಂದೂ ಹೇಳಿದ್ದರು.

“ತಮ್ಮ ಪತ್ನಿಯವರು ಆರೋಗ್ಯವೇ?”

“ಆರ್ಗೀರೊ ಹೋಗಿ ಇದು ಎರಡನೇ ಚಳಿಗಾಲ,” ಎಂದ ಮಿನಾಸ್. ಅತಿಥಿಯ ಮುಖ ಕೆಂಪಾದದ್ದು ಕಂಡು ತಟ್ಟೆಯನ್ನು ಅವನ ಕಡೆಗೆ ಸರಿಸಿದ. “ನೀವು ಕೇಳಿದ್ದು ಒಳ್ಳೇದೇ ಆಯ್ತು. ಇಲ್ಲಿ ಈಗ ಯಾರೂ ಅವಳ ಹೆಸರೇ ಎತ್ತೋದಿಲ್ಲ. ಇನ್ನೊಂದು ತಗೊಳ್ಳಿ.”

“ಇನ್ನೊಂದು ತಿಂದರೆ ವಿಮಾನದಲ್ಲಿ ನನಗೆ ಎರಡು ಸೀಟು ಬೇಕಾಗುತ್ತದೆ.”

“ಒಂದರ ದುಡ್ಡು ನಾನ್ ಕೊಡ್ತೀನಿ, ತಿನ್ನಿ.”

ಬೀದಿಯಲ್ಲಿ ಹೆಂಗಸರ ದನಿ ಕೇಳಿತು. ಮಿನಾಸ್ ಚಳಿಗೆಂದು ಗೂಟದಲ್ಲಿದ್ದ ಕಪ್ಪು ಕೋಟು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ಹೊಸ್ತಿಲಿಗೆ ಬಂದ. ಎದುರುಮನೆಯ ಫೋತಿನಿ ತಂಗಿಯ ಜೊತೆ ಹೊರಟಿದ್ದಳು. ಕೈಯಲ್ಲಿ ರಿಬ್ಬನ್ ಕಟ್ಟಿದ ಸಿಹಿಯ ಡಬ್ಬಿ.

“ಎಲ್ಲಿಗಮ್ಮ ಸವಾರಿ?”

“ಕೆಳಗಿನ ಬೀದಿ ಮಿನಾಸ್ ಮನೆಗೆ ಅಣ್ಣ. ಅವನ ಹೆಂಡ್ತಿ ಕಾಫಿ ಗೊತ್ತಲ್ಲ, ಪಾತ್ರೆ ತೊಳೆದ ನೀರು. ಹೋಗದಿದ್ರೆ ವರ್ಷವೆಲ್ಲ ಆಡ್ಕೋತಾಳೆ.” ಹೇಳಿ ಮುಗಿಸಿದವಳು ಯಾರ ಮುಂದೆ ನಗುತ್ತಿದ್ದೇನೆಂದು ನೆನಪಾಗಿ ದನಿ ತಗ್ಗಿಸಿದಳು. “ತಪ್ಪು ತಿಳ್ಕೋಬೇಡಿ. ಇಗರ್ಜಿಯಲ್ಲಿ ಎಲ್ರೂ ಮಾತಾಡ್ಕೊಂಡ್ವಿ. ಅಣ್ಣ ನಿನ್ನೆ ಕಾಫಿ ಅಂಗಡೀಲೂ ಕಪ್ಪು ಬಟ್ಟೇಲೇ ಇದ್ರು, ಇನ್ನೂ ಸೂತಕ ಬಿಟ್ಟಿಲ್ಲ, ಈ ಸಲವೂ ನಾವು ಹೋಗಿ ನೋಯಿಸೋದು ಬೇಡ ಅಂತ.”

ಮಿನಾಸನ ಕೈ ಕೋಟಿನ ಮೇಲಿನ ಗುಂಡಿಗೆ ಹೋಯಿತು. ಒಳಗೆ ಅವನೇ ಇಸ್ತ್ರಿ ಮಾಡಿದ ಬಿಳಿ ಅಂಗಿ ಇತ್ತು. ಹೋದ ವರ್ಷ ಬಾಗಿಲು ಹಾಕಿಕೊಂಡದ್ದು ಸರಿ. ಈ ವರ್ಷ, ಹಬ್ಬದ ದಿನವೇ ಸೂತಕದ ಕಪ್ಪು ಬಿಡೋಣವೆಂದು ಕಾದಿದ್ದ. ಯಾರಾದರೂ ಬಂದು ಹಾಗೇ ಹಿಂದಿರುಗಿಯಾರೆಂದು ಇಗರ್ಜಿಗೂ ಹೋಗಿರಲಿಲ್ಲ. ಬಿಳಿ ಅಂಗಿಯನ್ನು ಊರಲ್ಲಿ ಒಬ್ಬರೂ ನೋಡಿರಲಿಲ್ಲ. ಈಗ ಒಂದು ಗುಂಡಿ ಬಿಚ್ಚಿದರೆ ಸಾಕಿತ್ತು. ಆದರೆ ಬಿಚ್ಚಿ ತೋರಿಸುವುದೂ ಕರೆದ ಹಾಗೆಯೇ.

“ಒಳ್ಳೇದೇ ಮಾಡಿದ್ರಿ,” ಎಂದ. “ಬೇಗ ಹೋಗಮ್ಮ, ಆ ಕಾಫಿ ಆರಿದ್ರೆ ಇನ್ನೂ ಕೆಡುತ್ತೆ.”

“ಬಾಗಿಲು ಹಾಕ್ಕೊಳ್ಳಿ ಅಣ್ಣ, ಶೀತ ಆದೀತು,” ಎಂದು ಫೋತಿನಿ ಹಗುರಾಗಿ ನಡೆದಳು.

ಅವನು ಒಳಗೆ ಬಂದು ಕೂತಾಗ ಟೋರ್ಬೆನ್ ಗಂಟಲು ಸರಿಮಾಡಿಕೊಂಡು ದ್ರಾಕ್ಷಿಗೆ ಒಂದು ಬೆಲೆ ಹೇಳಿದ. ಮಿನಾಸ್ ಒಲೆಯ ಬೆಂಕಿ ನೋಡುತ್ತಿದ್ದ. ಮುದುಕ ಬಲು ಗಟ್ಟಿಗನೆಂದುಕೊಂಡು ಟೋರ್ಬೆನ್ ಬೆಲೆ ಏರಿಸಿದ. ಮಿನಾಸ್ ಒಂದು ಕಟ್ಟಿಗೆಯನ್ನು ಒಲೆಗೆ ದೂಡಿದ. ಟೋರ್ಬೆನ್ ಇನ್ನೂ ಏರಿಸಿದ. ಅಷ್ಟು ಬೆಲೆಯನ್ನು ಆ ಸುಗ್ಗಿಯಲ್ಲಿ ಯಾರೂ ಹೇಳಿರಲಿಲ್ಲ.

“ಆಯ್ತು,” ಎಂದ ಮಿನಾಸ್, ಆಗಷ್ಟೇ ಕೇಳಿಸಿದವನಂತೆ.

ಟೋರ್ಬೆನ್ ಗೆದ್ದ ಸಂತೋಷದಲ್ಲಿ ಎದ್ದು, ಮಫ್ಲರು ಸುತ್ತಿಕೊಂಡು, ಕೈ ಚಾಚಿದ. “ತುಂಬಾ ಉಪಕಾರವಾಯಿತು. ನಾಳೆ ಬೆಳಿಗ್ಗೆ ನಾನು ಹೊರಡುತ್ತೇನೆ.”

ಚಾಚಿದ ಕೈಯನ್ನು ಮಿನಾಸ್ ನೋಡಿದ. ಹಿಡಿಯಲಿಲ್ಲ.

“ಕೂತ್ಕೊಳ್ಳಿ. ನಮ್ಮಲ್ಲಿ ಬೆಲೆ ಒಪ್ಪಿದ ದಿನವೇ ಕೈ ಕುಲುಕೋದಿಲ್ಲ.”

“ಮತ್ತೆ?”

“ಇನ್ನೂ ಎರಡು ಸಂಜೆ ಬರ್ಬೇಕು. ಕಾಫಿ ಕುಡೀಬೇಕು, ಅದೂ ಇದೂ ಮಾತಾಡ್ಬೇಕು. ದ್ರಾಕ್ಷಿ ಸುದ್ದಿ ಎತ್ತಬಾರ್ದು. ಮೂರನೇ ಸಂಜೆ ಕೈ ಕುಲುಕೋದು. ಅಲ್ಲೀತನಕ ಮಾಲು ಗೋದಾಮು ಬಿಟ್ಟು ಹೊರಡೋದಿಲ್ಲ.”

ಟೋರ್ಬೆನ್ ಮಫ್ಲರು ಬಿಚ್ಚಿ ಮೆಲ್ಲಗೆ ಕೂತ. ಟಿಕೆಟ್ಟು ಬದಲಾಯಿಸುವುದನ್ನು ಯೋಚಿಸುತ್ತಿದ್ದನೆಂದು ಮುಖ ಹೇಳುತ್ತಿತ್ತು.

“ತರಗತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಹಳೆಯ ಪದ್ಧತಿಯೇ?”

“ಬಹಳ ಹಳೇದು,” ಎಂದ ಮಿನಾಸ್, ಕಾಫಿಗೆ ನೀರಿಡುತ್ತ. “ಈಗ ಈ ಊರಲ್ಲಿ ನಡೆಸ್ಕೊಂಡು ಬರ್ತಿರೋನು ನಾನೊಬ್ಬನೇ.”