ಪಾತ್ರಿಯ ಕೆಂಪು ಮುಖ

ಪುತ್ತೂರಿನ ಡಾಕ್ಟರರ ಗೋಡೆಯ ಕನ್ನಡಿಯಲ್ಲಿ ತನ್ನ ಮುಖ ಕಂಡು ಮೇದಪ್ಪ ಬೆಚ್ಚಿಬಿದ್ದ. ಕೆಂಡದಂತೆ ಕೆಂಪು. ಕಣ್ಣು ನೆತ್ತರು. ಕೈಕಾಲಿನಲ್ಲಿ ನಡುಕ. ಮೈಮೇಲೆ ದೈವ ಬಂದಾಗ ಅವನ ಮುಖ ಹೀಗಾಗುತ್ತದೆಂದು ಊರವರು ವರ್ಣಿಸುವುದನ್ನು ಅವನು ಎಷ್ಟೋ ಸಲ ಕೇಳಿದ್ದ. ಆದರೆ ಇಲ್ಲಿ ದೈವವಿರಲಿಲ್ಲ. ಜ್ವರ ಬಿಟ್ಟ ಮೈಗೆ ಬಲ ಬರಲೆಂದು ಡಾಕ್ಟರರು ಸಣ್ಣ ಗ್ಲಾಸಿನಲ್ಲಿ ಕೊಟ್ಟ ಟಾನಿಕ್ ಮಾತ್ರ ಇತ್ತು.

"ಇದರಲ್ಲಿ ಎಂತ ಉಂಟು ಡಾಕ್ಟ್ರೆ?"

"ದ್ರಾಕ್ಷಿಯ ವೈನು. ಮದ್ದಿಗೆಂದು ಪರವಾನಗಿ ಇರುವಂಥದ್ದೇ." ಡಾಕ್ಟರರು ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು. "ನಿಮ್ಮ ಮೈಗೆ ಇದು ಆಗುದಿಲ್ಲ ಗೌಡ್ರೆ. ಕೆಲವರಿಗೆ ಹಾಗೆ. ವೈನೋ ಕಳ್ಳೋ, ಇನ್ನು ಒಂದು ಗುಟುಕೂ ಬೇಡ. ಮುಂದಿನ ಸಲ ಉಸಿರೇ ನಿಂತೀತು."

ಮೇದಪ್ಪ ಕುಡುಕನಲ್ಲ. ಗುತ್ತಿಗಾರಿನ ತನ್ನ ಕುಟುಂಬದ ದೈವಕ್ಕೆ ಮೈಕೊಟ್ಟು ನುಡಿಯುವ ಪಾತ್ರಿ. ಮದುವೆಯಾದ ವರ್ಷವೇ ದೊಡ್ಡಪ್ಪ ತೀರಿಕೊಂಡು ಆ ಹೊಣೆ ಅವನ ಹೆಗಲಿಗೆ ಬಂದಿತ್ತು. ವರ್ಷಕ್ಕೊಮ್ಮೆ ದೈವಕ್ಕೆ ಪೂಜೆ ಕೊಡುವ ತಂಬಿಲದ ದಿನ ದೈವದೆದುರಿನ ಕಳ್ಳಿನ ಗಿಂಡಿ ಎತ್ತಿ ಗಂಟಲಿಗೆ ಸುರಿದುಕೊಳ್ಳುವುದು ಬಿಟ್ಟರೆ ಅವನು ಅಮಲಿನ ಪದಾರ್ಥ ಮುಟ್ಟಿದವನಲ್ಲ. ಸುರಿದುಕೊಂಡ ಬೆನ್ನಿಗೇ ನಡುಕ, ಕೆಂಪು ಮುಖ, ನುಡಿ. ಆ ನುಡಿಗೆ ತಲೆಬಾಗಿ ಒಡೆದ ಮನೆಗಳು ಕೂಡಿದ್ದವು. ಕದ್ದವನು ದನವನ್ನು ಹಟ್ಟಿಗೆ ತಂದು ಕಟ್ಟಿದ್ದ.

ಅದೆಲ್ಲ ಕಳ್ಳು ಆಡಿದ ಮಾತೇ? ಸಾಯುವ ಹೆದರಿಕೆಗಿಂತ ಈ ಪ್ರಶ್ನೆಯೇ ಅವನನ್ನು ಹೆಚ್ಚು ಸುಟ್ಟಿತು.

ಊರಿಗೆ ಮರಳುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವನು ಪೋಕರ್, ಕಾಳುಮೆಣಸಿನ ಮುಸಲ್ಮಾನ ವ್ಯಾಪಾರಿ. ಜ್ವರದವನನ್ನು ಪುತ್ತೂರಿಗೆ ಕರೆತಂದವನೂ ಅವನೇ. ಡಾಕ್ಟರರ ಮಾತು ಕೇಳಿಸಿಕೊಂಡಿದ್ದ. ಹಾಗಾದರೆ ದೈವವೇ ಇಲ್ಲ ಎಂದು ಬಸ್ಸು ಹತ್ತುವಾಗ ಮೇದಪ್ಪ ಗೊಣಗಿದ್ದನ್ನೂ ಕೇಳಿದ್ದ.

"ಬಿಟ್ಟುಬಿಡಿ ಮಾರಾಯ್ರೆ. ನಾವಂತೂ ಮುಟ್ಟುದಿಲ್ಲ, ಈಗ ನಿಮ್ಮ ಮೈಯೂ ನಮ್ಮ ಜಾತಿಗೇ ಸೇರಿತು!" ಎಂದು ನಗಿಸಲು ನೋಡಿದ. ಮೇದಪ್ಪ ನಗಲಿಲ್ಲ. ಪೋಕರ್ ಸ್ವರ ತಗ್ಗಿಸಿದ. "ಕುಡಿದ ಹಾಗೆ ಮಾಡಿ ಇಳಿಸಿಬಿಡಿ. ಊರಿಗೆ ಎಂತ ಗೊತ್ತಾಗ್ತದೆ?"

"ಊರಿಗೆ ಮೋಸ ಮಾಡಬಹುದು ಪೋಕರಾಕ. ಅದಕ್ಕೆ ಮೋಸ ಮಾಡ್ಲಿಕ್ಕೆ ಆಗ್ತದಾ?"

"ಅದು ಇಲ್ಲವೇ ಇಲ್ಲ ಅಂತ ಈಗ ತಾನೇ ಹೇಳಿದಿರಿ."



ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅನ್ನ ಕಲಸಿಟ್ಟು ಏಳುತ್ತಿದ್ದ. ಕಾರಣವಿಲ್ಲದೆ ಎತ್ತಿಗೆ ಬೈಯುತ್ತಿದ್ದ. ಹೆಂಡತಿ ಶೀಲಾವತಿ ಕೇಳಿದರೆ ಜ್ವರದ ಸುಸ್ತು ಎನ್ನುತ್ತಿದ್ದ. ನಿಜ ಹೇಳಿದರೆ ಅವಳು ತಂಬಿಲದ ಅಂಗಳಕ್ಕೆ ಕಾಲಿಡಲೂ ಬಿಡಲಾರಳು.

ಈ ವರ್ಷ ತಪ್ಪಿಸಿಕೊಳ್ಳುವಂತೆಯೂ ಇರಲಿಲ್ಲ. ಗದ್ದೆಗೆ ಹರಿಯುವ ತೋಡಿನ ನೀರಿಗಾಗಿ ನೆರೆಮನೆಯ ಬೋಜಪ್ಪನೂ ಅವನ ತಮ್ಮ ಪ್ರೇಮನಾಥನೂ ಕತ್ತಿ ಎತ್ತಿದ್ದರು. ಹಿರಿಯರು ನಡುವೆ ಬಂದು, ದೈವ ಹೇಳಿದಂತೆ ಆಗಲಿ ಎಂದು ಇಬ್ಬರಿಂದಲೂ ಮಾತು ಪಡೆದಿದ್ದರು. ದೈವ ಬರದಿದ್ದರೆ ಹೆಣ ಬೀಳುವುದು ಖಂಡಿತ.

ಕಳ್ಳು ಸಿಗದೆ ತಂಬಿಲ ನಿಂತರೆ ಸಾಕಿತ್ತು ಎಂದೂ ಒಮ್ಮೆ ಆಸೆಪಟ್ಟ. ಮದ್ರಾಸು ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದರೂ ಪಾನನಿಷೇಧ ಹೋಗಿರಲಿಲ್ಲ. ಆದರೂ ಪ್ರತಿವರ್ಷ ಗಿಂಡಿ ತುಂಬಿಯೇ ಬರುತ್ತಿತ್ತು. ಎಲ್ಲಿಂದ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದವನೇ ಸಾಕ್ಷಿ ಹೇಳಬೇಕಾದೀತು! ಶೀಲಾವತಿ ಒಳಗೆ ತುಂಬಿಸಿ, ಬಾಳೆಲೆ ಮುಚ್ಚಿ ಕೊಡುತ್ತಿದ್ದಳು. ಒಂದು ವರ್ಷ ಪೊಲೀಸಿನವನೊಬ್ಬ ಬಂದು ಎಲೆ ಸರಿಸಿ ಮೂಸಿ, ತುಟಿಪಿಟಕ್ಕೆನ್ನದೆ ಹೊರಟುಹೋಗಿದ್ದ. ದೈವದ ಹೆದರಿಕೆ ಯಾರನ್ನು ಬಿಟ್ಟಿದೆ ಎಂದು ಊರು ನಕ್ಕಿತ್ತು.

ತಂಬಿಲದ ಮಧ್ಯಾಹ್ನ ಗಿಂಡಿ ಬಂತು.

ಮೇದಪ್ಪ ಒಮ್ಮೆ ಶೀಲಾವತಿಯ ಕಡೆ ನೋಡಿದ. ಅಂಗಳದ ಎರಡು ತುದಿಯಲ್ಲಿ ಎರಡು ಕಂಬಗಳಂತೆ ನಿಂತಿದ್ದ ಅಣ್ಣತಮ್ಮಂದಿರನ್ನು ನೋಡಿದ. 'ನೀನಿದ್ದರೆ ಕಾಪಾಡು, ಇಲ್ಲದಿದ್ದರೆ ನನ್ನ ಮಕ್ಕಳನ್ನು ಊರವರಾದರೂ ನೋಡಿಕೊಳ್ಳಲಿ' ಎಂದುಕೊಂಡು ಕಣ್ಣುಮುಚ್ಚಿ ಗಿಂಡಿಯನ್ನು ತಲೆಯ ಮೇಲೆತ್ತಿ ಬಗ್ಗಿಸಿದ.

ಗಂಟಲಿಗೆ ಇಳಿದದ್ದೇ ತಡ, ಮೊಣಕಾಲು ಅದುರಿತು. ಬೆನ್ನುಹುರಿಯಲ್ಲಿ ಬೆಂಕಿ ಏರಿತು. ಮುಖ ಉರಿಯತೊಡಗಿದಾಗ, ಮುಗಿಯಿತು ಎಂದುಕೊಂಡ. ಆಮೇಲಿನದು ಅವನಿಗೆ ತಿಳಿಯದು.

ಎಚ್ಚರವಾದಾಗ ಜಗಲಿಯ ಚಾಪೆಯ ಮೇಲಿದ್ದ. ಉಸಿರು ಸಲೀಸಾಗಿ ಆಡುತ್ತಿತ್ತು. ಶೀಲಾವತಿ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು.

"ಅಣ್ಣತಮ್ಮ ಇಬ್ಬರೂ ಅತ್ತುಬಿಟ್ಟರು" ಎಂದಳು. "'ನಿಮ್ಮ ಅಪ್ಪ ಒಬ್ಬನೇ ತೋಡಿದ ತೋಡು ಇದು. ಎರಡು ಮಾಡುದಾದರೆ ಅವನ ಬೂದಿಯನ್ನೂ ಎರಡು ಪಾಲು ಮಾಡಿ' ಅಂತ ಅಪ್ಪಣೆ ಆಯ್ತು. ಈಗ ಒಟ್ಟಿಗೇ ಊಟಕ್ಕೆ ಕೂತಿದ್ದಾರೆ."

ಮೇದಪ್ಪನಿಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು. ತಡೆಯಲಾರದೆ ಡಾಕ್ಟರರ ಮಾತನ್ನೆಲ್ಲ ಅವಳ ಮುಂದೆ ಸುರಿದ.

"ಜೀವ ಉಳಿದದ್ದು ನನ್ನ ಪುಣ್ಯ. ಆದರೆ ನಾನು ಪಾತ್ರಿಯಲ್ಲ ಮಾರಾಯ್ತಿ, ಮೋಸಗಾರ. ಇಷ್ಟು ವರ್ಷ ನನ್ನ ಬಾಯಲ್ಲಿ ಮಾತಾಡಿದ್ದು ಕಳ್ಳು."

ಶೀಲಾವತಿಯ ಬೀಸಣಿಗೆ ನಿಂತಿತು. ಅವಳು ಅತ್ತಿತ್ತ ನೋಡಿ ಅವನ ಕಿವಿಯ ಹತ್ತಿರ ಬಾಗಿದಳು.

"ಕಳ್ಳು ಬಂದ್ ಆದ ಮೇಲೆ ಅಲ್ಲವಾ ನಾನು ಈ ಮನೆಗೆ ಬಂದದ್ದು? ಅತ್ತೆ ಹೇಳಿಕೊಟ್ಟ ಹಾಗೆ, ನಾನು ಯಾವತ್ತೂ ತುಂಬಿಸುದು ಎಳನೀರು, ಬಣ್ಣಕ್ಕೆ ಒಂದಿಷ್ಟು ತೆಂಗಿನಹಾಲು."