ಕೇಂದ್ರ ಪಡೆಯ ಭಾಷೆ

ಸೀಮೆಎಣ್ಣೆ ಡಬ್ಬದ ಮುಚ್ಚಳ ತೆರೆದದ್ದೇ ತಡ, ಬೀದಿಯ ತುದಿಯಲ್ಲಿ ಬೂಟುಗಳ ಸದ್ದು ಕೇಳಿಸಿತು.

ಶಾಲೆಯ ಗೇಟಿನ ಮುಂದೆ ನೆರೆದಿದ್ದ ಗುಂಪು ಒಟ್ಟಿಗೆ ತಿರುಗಿ ನೋಡಿತು. ಬೆಳಿಗ್ಗೆ ಅಲ್ಲಿ ಮತ ಎಣಿಕೆ ನಡೆದು ಗಿರಣಿ ಮಾಲೀಕ ಸೋತಿದ್ದ, ಅದೂ ಕೂದಲೆಳೆಯ ಅಂತರದಲ್ಲಿ. 'ಮೋಸ' ಎಂದು ಅವನು ಒಂದು ಮಾತು ಎಸೆದದ್ದೇ ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಸೈಕಲ್ ಅಂಗಡಿಯೊಂದು ಸುಟ್ಟುಹೋಗಿ, ಪೇಟೆಯ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಈಗ ಶಾಲೆಯ ಸರದಿ. ಮತಪೆಟ್ಟಿಗೆ ಸುಟ್ಟರೆ ಮತ್ತೆ ಚುನಾವಣೆ ಆಗಲೇಬೇಕು ಎಂಬುದು ಮಾಲೀಕನ ಲೆಕ್ಕ. ಪೆಟ್ಟಿಗೆಗಳ ಜೊತೆ ಒಳಗೆ ಎಣಿಕೆಗೆ ಬಂದ ಶಿಕ್ಷಕಿಯರಿದ್ದರು, ಒಬ್ಬ ಇನ್‌ಸ್ಪೆಕ್ಟರ್ ಇದ್ದ, ಬೆರಳೆಣಿಕೆಯಷ್ಟು ಪೇದೆಗಳಿದ್ದರು.

ಆ ಶಿಕ್ಷಕಿಯರಲ್ಲೊಬ್ಬಳು ಏಳುಕೆರೆಯ ತಂಗಿ.

ಏಳುಕೆರೆ ಗಿರಣಿಯ ಲಾರಿ ಚಾಲಕ. 'ಏಳು ಕೆರೆಯ ನೀರು ಕುಡಿದವನು ನಾನು' ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಆ ಹೆಸರು ಅಂಟಿಸಿಕೊಂಡಿದ್ದ. ದೇಶದ ಮೂಲೆಮೂಲೆ ಸುತ್ತಿದವನು, ಅಲ್ಲಲ್ಲಿನ ಭಾಷೆ ಅರೆದು ಕುಡಿದವನು ಎಂದು ಊರು ನಂಬಿತ್ತು. ಅಣ್ಣ ಆ ಕಥೆ ಶುರುಮಾಡಿದರೆ ತಂಗಿ ಮಾತ್ರ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

"ಯಜಮಾನ್ರೇ, ಒಳಗೆ ನನ್ನ ತಂಗಿ ಇದ್ದಾಳೆ" ಎಂದು ಅವನು ಆಗಲೇ ಹೇಳಿ ನೋಡಿದ್ದ.

"ಹೊಗೆ ಕಂಡರೆ ತಾನಾಗಿ ಹೊರಗೆ ಬರ್ತಾಳೆ ಬಿಡು" ಎಂದಿದ್ದ ಮಾಲೀಕ.

ಬೂಟುಗಳು ಹತ್ತಿರವಾದವು. ಕೇಂದ್ರ ಪೊಲೀಸ್ ಪಡೆ ಬರುತ್ತಿದೆ ಎಂದು ಇನ್‌ಸ್ಪೆಕ್ಟರ್ ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದಾಗ ಯಾರೂ ಕಿವಿಗೊಟ್ಟಿರಲಿಲ್ಲ. ಈಗ ಅದು ಕಣ್ಣೆದುರಿಗೇ ಬಂದಿತ್ತು. ಎಲ್ಲರ ಎಡಗಾಲೂ ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಬೀಳುತ್ತಿತ್ತು. ಅಂಥ ಠೀವಿಯ ಪೊಲೀಸರನ್ನು ಆ ಊರು ಕಂಡಿರಲಿಲ್ಲ. ಮುಂದೆ ಆರಡಿಯ ಅಧಿಕಾರಿ. ಬಿಸಿಲಿಗೆ ಮುಖ ಕೆಂಪಗೆ ಹೊಳೆಯುತ್ತಿತ್ತು. ಗುಂಪನ್ನು ದಿಟ್ಟಿಸುತ್ತಾ ಅವನು ಮೀಸೆಯನ್ನು ಹೆಬ್ಬೆರಳಿನಿಂದ ಒತ್ತಿದ. ಮುಂದಿನ ಸಾಲಿನವರು ಎರಡು ಹೆಜ್ಜೆ ಹಿಂದೆ ಸರಿದರು.

"ಝರಾಂಪು ಖಟಕ್ಕೂರು ಗಿಂಡೋಲಿ" ಎಂದು ಅಧಿಕಾರಿ ಗುಡುಗಿದ. ಮೈಕ್ ಇಲ್ಲದೆಯೂ ಆ ದನಿ ಬೀದಿಯ ಕೊನೆಯ ಮನೆಯ ಕಿಟಕಿ ಮುಟ್ಟಿತು.

"ಏನಂತೆ?" ಮಾಲೀಕ ಏಳುಕೆರೆಯನ್ನು ಮುಂದಕ್ಕೆ ತಳ್ಳಿದ. "ನೀನು ಆ ಕಡೆಯೆಲ್ಲ ಸುತ್ತಿದವನಲ್ವಾ? ಹೇಳು."

ಏಳುಕೆರೆಯ ಅಂಗಿ ಬೆನ್ನಿಗೆ ಅಂಟಿತ್ತು. ಅವನು ಶಾಲೆಯ ಕಿಟಕಿಯತ್ತ ಒಮ್ಮೆ ನೋಡಿದ. "ಗೆರೆ ಹಾಕ್ತಾನಂತೆ, ಯಜಮಾನ್ರೇ. ಅದನ್ನ ದಾಟಿದವರ ಮಂಡಿಗೆ ಗುಂಡು ಹೊಡೀತಾನಂತೆ."

ಅಧಿಕಾರಿ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ ಬೂಟಿನ ತುದಿಯಿಂದ ಮಣ್ಣಿನಲ್ಲಿ ಉದ್ದಕ್ಕೆ ಗೆರೆ ಎಳೆದ. ಡಬ್ಬ ಹಿಡಿದಿದ್ದವನು ಅದನ್ನು ಮೆಲ್ಲಗೆ ಪಕ್ಕದವನ ಕೈಗೆ ದಾಟಿಸಿದ.

"ಮರುಎಣಿಕೆ ಆಗಬೇಕು ಅಂತ ಅವನ ಭಾಷೆಯಲ್ಲೇ ಹೇಳು" ಎಂದ ಮಾಲೀಕ.

ಏಳುಕೆರೆ ಗೆರೆಯ ತನಕ ಹೋಗಿ, ಕೈ ಮುಗಿದು, "ಝರಾಂಪು... ಬಿಲ್ಲೋಟಿ ಮುರುಂಗ ಖಟಕ್ಕು" ಎಂದ.

ಅಧಿಕಾರಿಯ ಹುಬ್ಬು ಮೇಲೇರಿತು. ಅವನು ಗಂಭೀರವಾಗಿ ತಲೆದೂಗಿ, ಆಕಾಶಕ್ಕೆ ಕೈಯೆತ್ತಿ, ಎದೆ ಬಡಿದುಕೊಂಡು ಎಷ್ಟೋ ಹೊತ್ತು ಮಾತಾಡಿದ. ಕೊನೆಗೆ ಅವನ ದನಿ ಗದ್ಗದವಾಯಿತು.

"ಕೋರ್ಟಿಗೆ ಹೋಗಿ ಅಂತಾನೆ" ಎಂದ ಏಳುಕೆರೆ.

"ಅಷ್ಟುದ್ದ ಮಾತಾಡಿದ್ದು ಇಷ್ಟಕ್ಕೇನಾ?"

"ಅವರು ಹಂಗೇ, ಸುತ್ತಿ ಬಳಸಿ ಮಾತಾಡೋದು. ಇನ್ನೊಂದು ಮಾತಿದೆ, ಹೇಳೋಕೆ ನಾಲಿಗೆ ಬರ್ತಿಲ್ಲ."

"ಹೇಳೋ."

"ಗಲಾಟೆ ಮುಂದುವರೆದ್ರೆ ಮೊದಲು ಬಿಳಿ ಅಂಗಿಯವರನ್ನ ಲಾರಿಗೆ ಹತ್ತಿಸ್ತಾನಂತೆ."

ಬಿಳಿ ಅಂಗಿ ತೊಟ್ಟವನು ಅಲ್ಲಿ ಒಬ್ಬನೇ ಇದ್ದ. ಅಧಿಕಾರಿಯ ಬೆರಳು ನೇರವಾಗಿ ಅವನತ್ತ ತಿರುಗಿತು. ಗಿರಣಿ ಮಾಲೀಕ ಮುಖ ಒರೆಸಿಕೊಂಡು, ನಮ್ಮದು ಕಾನೂನಿನ ಹೋರಾಟ, ಎಲ್ಲರೂ ಮನೆಗೆ ಹೋಗಿ ಎಂದು ಘೋಷಿಸಿದ. ಹೇಳುವಾಗಲೇ ಅರ್ಧ ಬೀದಿ ದಾಟಿದ್ದ. ನಾಯಕನೇ ಕಾಲಿಗೆ ಬುದ್ಧಿ ಹೇಳಿದ ಮೇಲೆ ಗುಂಪು ಕರಗಲು ಹೊತ್ತು ಹಿಡಿಯಲಿಲ್ಲ.

ಪೆಟ್ಟಿಗೆಗಳು ಜೀಪು ಹತ್ತಿ ಜಿಲ್ಲಾ ಕಚೇರಿಗೆ ಹೊರಟವು. ಶಿಕ್ಷಕಿಯರು ಒಬ್ಬರ ಕೈ ಒಬ್ಬರು ಹಿಡಿದು ಹೊರಗೆ ಬಂದರು. ತಂಗಿ ಓಡಿಬಂದು ಅಣ್ಣನ ತೋಳು ಹಿಡಿದುಕೊಂಡಳು.

"ಕಿಟಕಿಯಿಂದ ಎಲ್ಲಾ ಕೇಳಿಸ್ಕೊಂಡೆ. ಆ ಭಾಷೆ ಯಾವಾಗ ಕಲಿತೆ ಅಣ್ಣ?"

"ಲಾರಿ ಓಡಿಸ್ತಾ ಓಡಿಸ್ತಾ ತಾನಾಗಿ ಬಂತು" ಎಂದ ಏಳುಕೆರೆ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ದಾರಿಯಲ್ಲಿ ಹೋಗುವವರು ನಿಂತು ಅವನಿಗೆ ಕೈ ಮುಗಿದರು.

ಸ್ವಲ್ಪ ಹೊತ್ತಿನ ಮೇಲೆ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಫೋನ್ ಕೆಳಗಿಟ್ಟು ಹಿತ್ತಲಿಗೆ ಬಂದ. ನಿಜವಾದ ಕೇಂದ್ರ ಪಡೆ ನಾಳೆ ಬರುವುದಾಗಿ ತಿಳಿಸಿತ್ತು. ನಲ್ಲಿಯ ಕೆಳಗೆ ಅಧಿಕಾರಿ ಮುಖದ ಬಣ್ಣ ತೊಳೆಯುತ್ತಿದ್ದ. ಮೀಸೆಯನ್ನು ಆಗಲೇ ಬಿಚ್ಚಿ ಕಲ್ಲಿನ ಮೇಲಿಟ್ಟಿದ್ದ. ಅವನ ನಾಟಕ ಕಂಪನಿಯನ್ನು ಇನ್‌ಸ್ಪೆಕ್ಟರೇ ಫೋನು ಮಾಡಿ ಪಕ್ಕದೂರಿನಿಂದ ಕರೆಸಿದ್ದ. ಅದರ ನಟರು ಮರದ ಬಂದೂಕುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

"ಊರು ಉಳಿಸಿದ್ರಿ ಮೇಷ್ಟ್ರೇ" ಎಂದ ಇನ್‌ಸ್ಪೆಕ್ಟರ್. "ಆ ಲಾರಿ ಡ್ರೈವರ್‌ಗೆ ನಿಮ್ಮ ಮಾತಿನ ಅರ್ಥ ಯಾವಾಗ ಹೇಳಿಕೊಟ್ರಿ?"

"ಅವನನ್ನ ನೋಡಿದ್ದೇ ಇವತ್ತು ಸಾರ್. ಬಾಯಿಗೆ ಬಂದದ್ದು ಒದರ್ತಿದ್ದೆ. ನಾನು ಏನು ಹೇಳ್ತಿದ್ದೀನಿ ಅಂತ ಅವನು ಹೇಳಿದ ಮೇಲೇ ನನಗೂ ಗೊತ್ತಾಗಿದ್ದು."