ಪ್ರಾಸ ಬಿಟ್ಟ ಮೇಲೆ

ಪ್ರಾಸ ಬಿಟ್ಟು ಕವಿತೆ ಬರೆದ ಮೊದಲ ಹೆಂಗಸು ಎಂದು ವಾರಪತ್ರಿಕೆ ಅಂಬುಜಾಕ್ಷಿಯನ್ನು ಹೊಗಳಿತ್ತು. ಅವಳಿಗೆ ಛಂದಸ್ಸು ಹೇಳಿಕೊಟ್ಟಿದ್ದ ಗಂಡನ ಕಣ್ಣು ಮಾತ್ರ ಒಂದೇ ಸಾಲಿನ ಮೇಲೆ ನೆಟ್ಟಿತ್ತು: ‘ಅವನ ಚಪ್ಪಲಿ ಸದ್ದಾದರೆ ನನ್ನ ಉಸಿರು ನಿಲ್ಲುತ್ತದೆ.’

“ಯಾರೇ ಇವನು?”

“ಕವಿತೆ ಅಂದ್ರೆ ಅದು. ಯಾರೋ ಒಬ್ಬ.”

“ಪ್ರಾಸಕ್ಕೆ ಬಂತು ಅಂತ ಸುಮ್ಮನಾಗೋಣ ಅಂದ್ರೆ ಪ್ರಾಸಾನೇ ಇಲ್ಲ. ಬೇಕೂಂತಲೇ ಬರ್ದಿದೀಯ. ಯಾರು, ಹೇಳು.”

ಅವಳು ಬಾಗಿಲ ಬಳಿಯಿದ್ದ ಅವನ ಚಪ್ಪಲಿಯತ್ತ ನೋಡಿದಳು.

“ನೀವೇ.”

ಬಿಗಿದಿದ್ದ ಅವನ ಮುಖ ಸಡಿಲವಾಯಿತು. ಮೀಸೆಯಡಿಯಲ್ಲೇ ನಕ್ಕು ಪತ್ರಿಕೆ ಮಡಚಿದ.

“ಮೊದಲೆಲ್ಲ ‘ಇನಿಯ’ ಅಂತಿದ್ದೆ. ಈಗ ಬರೀ ‘ಅವನು’ ಆಗ್ಬಿಟ್ನಾ?”

“ಆಗ ಮೇಲಿನ ಸಾಲಲ್ಲಿ ‘ಹನಿಯ’ ಅಂತಿತ್ತು. ‘ಇನಿಯ’ ಪ್ರಾಸಕ್ಕೆ ಬಂದಿದ್ದು.”